ಹಸಿರಾಗಿದ್ದ ಉಪಕೇಂದ್ರ: ಕೊಡಗಿನ ಒಂದು ಲಸಿಕಾ ಪ್ರಕರಣ

ತಾಲೂಕು, ಆರೋಗ್ಯ ಕೇಂದ್ರ, ತೋಟ, ಯಾವುದರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಕೊಡಗು ಚಿಕ್ಕ ಜಿಲ್ಲೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 5,54,519. ‘ಒಂದು ತೋಟದ ರೈಟರು’ ಎಂದಷ್ಟೇ ಬರೆದರೂ ‘ಓ, ಅವರಾ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ತಪ್ಪುಗಳಲ್ಲಿ ದೊಡ್ಡ ಪಾಲು ನಮ್ಮ ತಂಡದ್ದು. ಅದನ್ನು ಮಾತ್ರ ಬದಲಿಸದೆ ಬರೆದಿದ್ದೇನೆ.

ಹಿನ್ನೆಲೆ

ತಾಲೂಕು ಆರೋಗ್ಯಾಧಿಕಾರಿಗಳಿಗೆ ಮಕ್ಕಳ ಲಸಿಕೆಯ ಸ್ಥಿತಿ ಒಂದೇ ನೋಟಕ್ಕೆ ಕಾಣುವಂತೆ ಒಂದು ಡ್ಯಾಷ್‌ಬೋರ್ಡ್ ಮಾಡಿಕೊಡುವುದು ನಮ್ಮ ಕೆಲಸವಾಗಿತ್ತು. ನಾವು ನಾಲ್ಕು ಜನ. ಇಬ್ಬರು ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರು, ಒಬ್ಬರು ವಿನ್ಯಾಸಗಾರ್ತಿ, ಅಂಕಿಅಂಶ ನೋಡುವವನು ನಾನು. ಹಳ್ಳಿಮಟ್ಟದ ಆರೋಗ್ಯ ಉಪಕೇಂದ್ರಗಳಿಂದ ಪ್ರತಿ ತಿಂಗಳು ಮೇಲೆ ಹೋಗುವ ವರದಿಯನ್ನು ತೆಗೆದುಕೊಂಡು ತಾಲೂಕಿನ ನಕಾಶೆಯ ಮೇಲೆ ಬಣ್ಣ ಹಚ್ಚಿದೆವು. ಶೇಕಡಾ 90 ದಾಟಿದರೆ ಹಸಿರು, ನಡುವಿನದು ಹಳದಿ, ಅದಕ್ಕೂ ಕೆಳಗಿನದು ಕೆಂಪು. ಒತ್ತಿದರೆ ಉಪಕೇಂದ್ರದ ಹೆಸರು ಮತ್ತು ಶೇಕಡಾವಾರು ತೆರೆದುಕೊಳ್ಳುತ್ತಿತ್ತು. ನೋಡಲು ಚೆನ್ನಾಗಿತ್ತು. ಸಭೆಯಲ್ಲಿ ಎಲ್ಲರೂ ಮೆಚ್ಚಿದರು. ಆ ಮೆಚ್ಚುಗೆಯನ್ನೇ ನಾವು ಬಳಕೆ ಎಂದು ತಿಳಿದುಕೊಂಡೆವು.

ಕಥೆ ಎರಡು ಉಪಕೇಂದ್ರಗಳದ್ದು. ಒಂದನ್ನು ‘ಕಾಡಂಚಿನದು’ ಎನ್ನೋಣ. ಅರಣ್ಯಕ್ಕೆ ತಾಗಿಕೊಂಡ ನಾಲ್ಕಾರು ಆದಿವಾಸಿ ಹಾಡಿಗಳು, ದೂರದೂರದ ಮನೆಗಳು. ಇನ್ನೊಂದು ‘ತೋಟದ್ದು’. ಒಂದಕ್ಕೊಂದು ಅಂಟಿಕೊಂಡ ಕಾಫಿ ತೋಟಗಳು, ತೋಟಕ್ಕೊಂದು ಸಾಲು ಕಾರ್ಮಿಕರ ಲೈನ್‌ಮನೆ. ಲೈನ್‌ಮನೆಗಳಲ್ಲಿ ಮೊದಲಿನಿಂದ ಇದ್ದ ಯರವ ಕುಟುಂಬಗಳ ಜೊತೆಗೆ ಈಗೀಗ ಅಸ್ಸಾಂನಿಂದ ಬಂದವರೂ ಇದ್ದಾರೆ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾಗುವಾಗ ಅವರ ಸಂಖ್ಯೆ ಏರುತ್ತದೆ. ರೊಬಸ್ಟಾ, ಕಾಳುಮೆಣಸು ಮುಗಿದ ಮೇಲೆ ಇಳಿಯುತ್ತದೆ.

ಕುಯ್ಲಿನ ಮೊದಲ ತಿಂಗಳ ನಕಾಶೆಯಲ್ಲಿ ಕಾಡಂಚಿನ ಉಪಕೇಂದ್ರ ಕಡುಗೆಂಪಾಗಿತ್ತು. ಅರಣ್ಯವೂ ಅದರ ಗಡಿಯೊಳಗೆ ಸೇರಿದ್ದರಿಂದ ನಕಾಶೆಯ ಕಾಲುಭಾಗ ಅದೇ ಆಗಿತ್ತು. ತೋಟದ ಉಪಕೇಂದ್ರ ಒಂದು ಚಿಕ್ಕ ಹಸಿರು ಚುಕ್ಕೆ, ಶೇಕಡಾ ನೂರನ್ನು ಮೀರಿತ್ತು. ತಾಲೂಕಿಗೆ ಹೆಚ್ಚುವರಿಯಾಗಿ ಒಂದು ಜೀಪು ಸಿಕ್ಕಿತ್ತು, ಎರಡು ವಾರಕ್ಕೆ ಮಾತ್ರ. ಎಲ್ಲಿಗೆ ಕಳಿಸಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಕೆಂಪಿಗೆ ಹೋಯಿತು.

ಸಮಸ್ಯೆ

ಜೀಪು ಹೋದ ಹಾಡಿಗಳಲ್ಲಿ ಲಸಿಕೆ ಬಾಕಿಯಿದ್ದ ಮಕ್ಕಳನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲೂ ಅರ್ಧದಷ್ಟು ಮಕ್ಕಳು ಅಪ್ಪಅಮ್ಮನ ಜೊತೆ ಗಡಿಯಾಚೆ ವಯನಾಡಿಗೆ ಕೂಲಿಗೆ ಹೋಗಿದ್ದರು. ಒಟ್ಟು ಮಕ್ಕಳೇ ಕಡಿಮೆಯಿದ್ದ ಕಡೆ ನಾಲ್ಕು ಮಕ್ಕಳು ತಪ್ಪಿದರೆ ಶೇಕಡಾವಾರು ಧೊಪ್ಪನೆ ಬೀಳುತ್ತದೆ. ನಕಾಶೆ ಆ ಬೀಳುವಿಕೆಯನ್ನು ಕಾಡಿನ ವಿಸ್ತೀರ್ಣಕ್ಕೆ ಹಿಗ್ಗಿಸಿ ತೋರಿಸಿತ್ತು. ನಾವು ಮರಗಳಿಗೆ ಕೆಂಪು ಬಣ್ಣ ಹಚ್ಚಿದ್ದೆವು.

ಅದೇ ವಾರ ತೋಟದ ಉಪಕೇಂದ್ರದ ಒಂದು ಲೈನಿನಲ್ಲಿ ಮೂರು ಮಕ್ಕಳಿಗೆ ಜ್ವರ, ಮೈಮೇಲೆ ದದ್ದು. ರಕ್ತದ ಮಾದರಿ ಹೋಗಿ ಬಂತು: ದಡಾರ. ಮೂರರಲ್ಲಿ ಯಾರಿಗೂ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸೂ ಆಗಿರಲಿಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ಸಿಗಬೇಕಾದದ್ದು. ಮಕ್ಕಳು ಗುಣಮುಖರಾದರು. ನಮ್ಮ ಡ್ಯಾಷ್‌ಬೋರ್ಡಿನ ಮಾನ ಮಾತ್ರ ಉಳಿಯಲಿಲ್ಲ.

ಹಸಿರಿನೊಳಗೆ ದಡಾರ ಹೇಗೆ ಬಂತು? ಲೆಕ್ಕ ಸರಳ. ಉಪಕೇಂದ್ರದ ವಾರ್ಷಿಕ ಗುರಿಯನ್ನು ಜನಗಣತಿಯ ಜನಸಂಖ್ಯೆ ಮತ್ತು ಜನನ ಪ್ರಮಾಣದಿಂದ ಅಂದಾಜು ಮಾಡುತ್ತಾರೆ. ಜನಗಣತಿ 2011ರದ್ದು. ಆಮೇಲೆ ಬಂದ ಲೈನ್‌ಮನೆಯ ಮಕ್ಕಳು ಅದರಲ್ಲಿಲ್ಲ. ಆದರೆ ಗುರುವಾರ ಲಸಿಕೆ ಹಾಕಿಸಿಕೊಳ್ಳಲು ಅವರಲ್ಲಿ ಕೆಲವರು ಬಂದೇ ಬರುತ್ತಾರೆ, ಹಾಕಿದ ಡೋಸು ವರದಿಗೆ ಸೇರುತ್ತದೆ. ಗುರಿ 40 ಎಂದಿಟ್ಟುಕೊಳ್ಳಿ. ಊರಿನ 30 ಮಕ್ಕಳು, ವಲಸೆಯ 15 ಮಕ್ಕಳು ಹಾಕಿಸಿಕೊಂಡರು. 40ಕ್ಕೆ 45, ಅಂದರೆ ಶೇಕಡಾ 112.5. ನಿಜವಾಗಿ ಅಲ್ಲಿರುವುದು 65 ಮಕ್ಕಳಾದರೆ 20 ಮಕ್ಕಳು ಯಾವ ಲೆಕ್ಕದಲ್ಲೂ ಇಲ್ಲ. ವಲಸೆಯ ಮಕ್ಕಳು ಭಾಗಾಕಾರದ ಮೇಲಿನ ಸಂಖ್ಯೆಗೆ ಸೇರಿದರು, ಕೆಳಗಿನ ಸಂಖ್ಯೆಗೆ ಸೇರಲೇ ಇಲ್ಲ.

ಈ ತೊಡಕನ್ನು ತಪ್ಪಿಸಲು ಇನ್ನೊಂದು ಅಳತೆ ಇದೆ. ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಮಗುವಿನ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ. ಮೊದಲ ಡೋಸು ಪಡೆದವರಲ್ಲಿ ಮೂರನೆಯದಕ್ಕೆ ಎಷ್ಟು ಜನ ಬರಲಿಲ್ಲ ಎಂದು ನೋಡಿದರೆ ಜನಸಂಖ್ಯೆಯ ಅಂದಾಜು ಬೇಕಿಲ್ಲ. ಹತ್ತಕ್ಕಿಂತ ಹೆಚ್ಚು ಪ್ರತಿಶತ ಮಕ್ಕಳು ನಡುವೆ ಬಿಟ್ಟುಹೋದರೆ ಎಚ್ಚರವಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಗಳಲ್ಲಿರುವ ಹಳೆಯ ಸೂತ್ರ. ಅದನ್ನೂ ಲೆಕ್ಕ ಹಾಕಿದೆವು. ತೋಟದ ಉಪಕೇಂದ್ರದಲ್ಲಿ ಉತ್ತರ ಋಣ ಸಂಖ್ಯೆ! ಮೊದಲ ಡೋಸಿಗಿಂತ ಮೂರನೆಯದೇ ಹೆಚ್ಚು. ನಮ್ಮ ಕೋಡ್ ಅದನ್ನು ‘ನಮೂದಿನ ದೋಷ’ ಎಂದು ತೀರ್ಮಾನಿಸಿ ಸೊನ್ನೆ ಮಾಡಿಬಿಟ್ಟಿತ್ತು. ದೋಷವಲ್ಲ ಅದು. ಮೊದಲ ಡೋಸು ಅಸ್ಸಾಂನಲ್ಲಿ, ಮೂರನೆಯದು ಕೊಡಗಿನಲ್ಲಿ. ಇಡೀ ತಾಲೂಕಿನ ಅಂಕಿಗಳಲ್ಲಿ ವಲಸೆಯ ಗುರುತು ಹೇಳುತ್ತಿದ್ದ ಒಂದೇ ಒಂದು ಸಂಖ್ಯೆಯನ್ನು ನಾವು ಶುಚಿ ಮಾಡುವ ನೆಪದಲ್ಲಿ ಒರೆಸಿಹಾಕಿದ್ದೆವು.

ಸಿಸ್ಟರ್ ಅವರ ನೋಟ್‌ಬುಕ್

ಮುಂದೇನು ಎಂದು ತಂಡದಲ್ಲಿ ಜಗಳವೇ ಆಯಿತು. ಗುರಿಯ ಲೆಕ್ಕ ಸರಿಮಾಡಿ ಅದೇ ನಕಾಶೆ ಮುಂದುವರಿಸೋಣ ಎಂದು ಇಬ್ಬರು. ವಿನ್ಯಾಸಗಾರ್ತಿ ಒಪ್ಪಲಿಲ್ಲ. ‘ಇಷ್ಟು ದಿನ ನಾವು ಯಾರ ಪಕ್ಕದಲ್ಲೂ ಕೂತಿಲ್ಲ’ ಎಂದರು. ಮಾನವಕೇಂದ್ರಿತ ವಿನ್ಯಾಸ ಎಂದು ಪ್ರಸ್ತಾವನೆಯಲ್ಲಿ ದೊಡ್ಡದಾಗಿ ಬರೆದಿದ್ದೆವು. ನಾವು ಮಾಡಿದ್ದೆಂದರೆ ಮುಗಿದ ಪರದೆಯನ್ನು ತೋರಿಸಿ ‘ಹೇಗಿದೆ?’ ಎಂದು ಕೇಳಿದ್ದು. ಹಾಗೆ ಕೇಳಿದರೆ ನಮ್ಮ ಕಡೆ ಯಾರು ಚೆನ್ನಾಗಿಲ್ಲ ಎನ್ನುತ್ತಾರೆ? ಕಾಫಿ ಕೊಟ್ಟು ಕಳಿಸುತ್ತಾರೆ.

ಒಂದು ವಾರ ತೋಟದ ಉಪಕೇಂದ್ರದಲ್ಲೇ ಕೂತೆವು. ಅಲ್ಲಿನ ಆರೋಗ್ಯ ಸಹಾಯಕಿಯನ್ನು ಊರೆಲ್ಲ ಸಿಸ್ಟರ್ ಎನ್ನುತ್ತಿದ್ದರು. ಮಂಡ್ಯ ಕಡೆಯವರು, ಕೊಡಗಿಗೆ ಬಂದು ಬಹಳ ವರ್ಷವಾಗಿತ್ತು. ಸರ್ಕಾರಿ ರಿಜಿಸ್ಟರುಗಳ ಕೆಳಗೆ ಅವರದೊಂದು ಉದ್ದನೆಯ ನೋಟ್‌ಬುಕ್ ಇತ್ತು, ಬೆನ್ನಿಗೆ ಸುತ್ತಿದ ಪ್ಲಾಸ್ಟಿಕ್ಕು ಹರಿದಿತ್ತು. ರಿಜಿಸ್ಟರು ಗ್ರಾಮವಾರು, ಮನೆ ನಂಬರುವಾರು. ನೋಟ್‌ಬುಕ್ ತೋಟವಾರು, ಲೈನ್‌ವಾರು. ಪ್ರತಿ ಕುಟುಂಬದ ಎದುರು ಅವರನ್ನು ಕೂಲಿಗೆ ಕರೆತಂದ ಮೇಸ್ತ್ರಿಯ ಹೆಸರು, ‘ಮೆಣಸು ಮುಗಿದ ಮೇಲೆ ಹೋಗ್ತಾರೆ’, ‘ಆ ಕಡೆ ತೋಟಕ್ಕೆ ಹೋದರು’, ‘ಕಾರ್ಡ್ ಇದೆ, ಓದಕ್ಕಾಗಲ್ಲ’ ಎಂಬ ಟಿಪ್ಪಣಿ. ಕಾರ್ಡು ಅಸ್ಸಾಮಿ ಲಿಪಿಯದ್ದು. ಲಸಿಕೆಯ ಸಾಲುಗಳು ಎಲ್ಲ ಕಡೆಯ ತಾಯಿ ಕಾರ್ಡಿನಲ್ಲೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿರುವುದರಿಂದ ಸಾಲು ಎಣಿಸಿ, ತಾರೀಖು ನೋಡಿ ಅವರು ಲೆಕ್ಕ ಹಿಡಿಯುತ್ತಿದ್ದರು.

ನಮಗೆ ಬೇಕಿದ್ದದ್ದೆಲ್ಲ ಅದರಲ್ಲಿತ್ತು. ದಡಾರ ಬಂದ ಲೈನಿನ ಎದುರು ಮೂರು ವಾರ ಮೊದಲೇ ‘ಬಾಕಿ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ‘ಸಭೆಯಲ್ಲಿ ಯಾಕೆ ಹೇಳಲಿಲ್ಲ ಸಿಸ್ಟರ್?’ ಎಂದೆ. ‘ನಮ್ಮದು ಹಸಿರಾಗಿತ್ತಲ್ಲ ಸಾರ್. ಹಸಿರಾದವರ ಹೆಸರನ್ನ ಸಭೇಲಿ ಕರೆಯಲ್ಲ’ ಎಂದರು.

ಇನ್ನೊಂದು ಮಾತು ಅವರು ಮೂರನೇ ದಿನ ಆಡಿದ್ದು. ಹೆರಿಗೆ ಕೋಣೆಯ ಗೋಡೆಯಲ್ಲಿದ್ದ ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಗ್ರಾಫ್, ತೋರಿಸಿ, ‘ಇದ್ರಲ್ಲಿ ಗೆರೆ ದಾಟಿದ್ರೆ ಆಂಬುಲೆನ್ಸ್ ಕರೀಬೇಕು ಅಂತ ನಂಗೊತ್ತು. ನಿಮ್ಮದ್ರಲ್ಲಿ ಏನು ದಾಟಿದ್ರೆ ನಾನೇನು ಮಾಡ್ಬೇಕು?’ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇಡೀ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಲ್ಲಿ.

ಪಾರ್ಟೋಗ್ರಾಫಿನ ಆ ಗೆರೆಗಳದ್ದೇ ಒಂದು ಕಥೆ. ಹೆರಿಗೆಯ ವೇಗವನ್ನು ಅಮೆರಿಕದ ವೈದ್ಯ ಫ್ರೀಡ್‌ಮನ್ 1954ರಲ್ಲಿ ಗ್ರಾಫಿಗೆ ಇಳಿಸಿದ್ದರು. ಅದು ವಿವರಣೆ ಮಾತ್ರ. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು, ಇಂದಿನ ಜಿಂಬಾಬ್ವೆಯಲ್ಲಿ, ಅದಕ್ಕೆ ಎರಡು ಗೆರೆ ಸೇರಿಸಿದರು. ಒಂದು ಎಚ್ಚರಿಕೆಯದು, ಅದರಿಂದ ನಾಲ್ಕು ಗಂಟೆ ಆಚೆಗೆ ಕ್ರಮ ಕೈಗೊಳ್ಳುವುದು. ವೈದ್ಯರಿಲ್ಲದ ದೂರದ ಕೇಂದ್ರದ ಸೂಲಗಿತ್ತಿ ಬಸುರಿಯನ್ನು ಯಾವಾಗ ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಎಂಬುದಕ್ಕೆ ಮಾಡಿದ ಗೆರೆಗಳು. ನಾಲ್ಕು ಗಂಟೆಯ ಆ ಅಂತರ, ಸಾಗಿಸಲು ಬೇಕಾಗುವ ಹೊತ್ತು. ಗ್ರಾಫಿನೊಳಗೆ ರಸ್ತೆ ಇದೆ. ನಮ್ಮ ಡ್ಯಾಷ್‌ಬೋರ್ಡಿನಲ್ಲಿ ಕೊಡಗಿನ ರಸ್ತೆಯೇ ಇರಲಿಲ್ಲ.

ದತ್ತಾಂಶ ಚಿತ್ರಣದ ಉಪನ್ಯಾಸಗಳೆಲ್ಲ ಲಂಡನ್ನಿನ ವೈದ್ಯ ಜಾನ್ ಸ್ನೋನ ಕಾಲರಾ ನಕಾಶೆಯಿಂದ ಶುರುವಾಗುತ್ತವೆ. ನಮ್ಮದೂ ಹಾಗೇ ಶುರುವಾಗಿತ್ತು. ಕಾಲರಾ ಹರಡುತ್ತಿದ್ದ ಬ್ರಾಡ್ ಸ್ಟ್ರೀಟ್ ನೀರಿನ ಪಂಪಿನ ಹಿಡಿಕೆ ತೆಗೆದದ್ದು 1854ರ ಸೆಪ್ಟೆಂಬರ್ 8ರಂದು. ಸ್ನೋ ಮನೆಮನೆ ತಿರುಗಿ ಕೇಳಿದ್ದನ್ನು ಹಿಂದಿನ ದಿನ ಪ್ಯಾರಿಷ್ ಸಮಿತಿಯ ಮುಂದೆ ಇಟ್ಟಿದ್ದ. ಪ್ರಸಿದ್ಧ ನಕಾಶೆ ಅಚ್ಚಾದದ್ದು ಆಮೇಲೆ. ನಿರ್ಧಾರ ಮೊದಲು ಬಂತು, ಚಿತ್ರ ಅದನ್ನು ಸಮರ್ಥಿಸಲು ಬಂತು. ಇದನ್ನು ನಾನು ಓದಿದ್ದೆ. ಸಿಸ್ಟರ್ ಕೇಳುವವರೆಗೆ ಅರ್ಥವಾಗಿರಲಿಲ್ಲ.

ಏನೇನು ಮಾಡಿನೋಡಿದೆವು

ಈ ಸಲ ಆರೋಗ್ಯಾಧಿಕಾರಿಗಳಿಗೆ ಯಾವ ಚಿತ್ರವನ್ನೂ ತೋರಿಸಲಿಲ್ಲ. ‘ಕಳೆದ ತಿಂಗಳು ಲಸಿಕೆಯ ವಿಷಯದಲ್ಲಿ ನೀವು ನಿಜವಾಗಿ ತೆಗೆದುಕೊಂಡ ನಿರ್ಧಾರಗಳೇನು ಸರ್?’ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ ಮೂರು ಹೇಳಿದರು: ವಾಹನ ಯಾವ ದಾರಿಗೆ, ಹುದ್ದೆ ಖಾಲಿಯಿರುವ ಉಪಕೇಂದ್ರಕ್ಕೆ ಯಾರು, ಯಾವ ತೋಟದ ಮಾಲೀಕರಿಗೆ ಫೋನು. ಮೂರೂ ನಿರ್ಧಾರಗಳು ಪ್ರತಿ ತಿಂಗಳ ಮೊದಲ ಸೋಮವಾರದ ಸಭೆಯಲ್ಲಿ, ಅರ್ಧ ಗಂಟೆಯೊಳಗೆ ಆಗುವಂಥವು. ಸಭೆಗೆ ನಮ್ಮ ಡ್ಯಾಷ್‌ಬೋರ್ಡ್ ಬರುತ್ತಿದ್ದದ್ದು ಹೇಗೆ ಎಂದು ಆಗ ಗೊತ್ತಾಯಿತು. ಗುಮಾಸ್ತರು ಪರದೆಯನ್ನು ಪ್ರಿಂಟ್ ತೆಗೆದು ಎಲ್ಲರಿಗೂ ಜೆರಾಕ್ಸ್ ಹಂಚುತ್ತಿದ್ದರು. ಪ್ರಿಂಟರು ಕಪ್ಪುಬಿಳುಪಿನದು. ಕೆಂಪು, ಹಸಿರು ಎರಡೂ ಒಂದೇ ಬೂದು. ಮೇಲೆ ಪೆನ್ನಲ್ಲಿ ‘ಕೆಂ’, ‘ಹ’ ಎಂದು ಬರೆದುಕೊಳ್ಳುತ್ತಿದ್ದರು!

ಮೊದಲ ಹೊಸ ಪ್ರಯತ್ನವೂ ಕೆಟ್ಟಿತು. ತೋಟದ ಹೆಸರು, ಎದುರು ಬಾಕಿ ಮಕ್ಕಳ ಸಂಖ್ಯೆಯ ಉದ್ದ ಪಟ್ಟೆ, ಹೆಚ್ಚು ಬಾಕಿಯಿದ್ದದ್ದು ಮೇಲೆ. ಓದಲು ಬಹಳ ಸುಲಭ. ಒಂದೇ ರೇಖೆಯಿಂದ ಹೊರಟ ಪಟ್ಟೆಗಳ ಉದ್ದವನ್ನು ಕಣ್ಣು ಬಣ್ಣದ ಛಾಯೆಗಿಂತ ಸರಿಯಾಗಿ ಹೋಲಿಸುತ್ತದೆ. ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಹಚ್ಚಿದೆವು. ನಾಲ್ಕನೇ ದಿನ ಒಬ್ಬ ಬೆಳೆಗಾರರು ಬಂದರು. ‘ನನ್ನ ತೋಟದ ಹೆಸರು ಮೇಲೆ ಯಾಕೆ ಹಾಕಿದ್ದೀರಿ? ಮಕ್ಕಳಿಗೆ ಚುಚ್ಚೋದು ನಿಮ್ಮ ಕೆಲಸವೋ ನನ್ನದೋ?’ ಕೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕಿಂತ ಕೆಟ್ಟದ್ದು ಲೈನ್‌ಮನೆಯಲ್ಲಾಯಿತು. ಗೋಡೆಯ ಮೇಲೆ ನಮ್ಮ ಪಟ್ಟಿ ಇದೆಯಂತೆ, ಕಾಗದಪತ್ರ ತಪಾಸಣೆಗೆ ಬರುತ್ತಾರಂತೆ ಎಂದು ಸುದ್ದಿ ಹಬ್ಬಿ ಆ ಗುರುವಾರ ಅಸ್ಸಾಂನ ಒಂದು ಮಗುವೂ ಬರಲಿಲ್ಲ. ಆಶಾ ಕಾರ್ಯಕರ್ತೆಯೊಬ್ಬರು ‘ಅಣ್ಣಾ, ಅದನ್ನ ಮೊದಲು ತೆಗೀರಿ’ ಎಂದು ಫೋನು ಮಾಡಿದರು. ಆ ಸಂಜೆಯೇ ತೆಗೆದೆವು. ಎಣಿಸುವವರಿಗೆ ಪಟ್ಟಿ ಎಂದರೆ ಲೆಕ್ಕ. ಎಣಿಕೆಗೆ ಸಿಗುವವರಿಗೆ ಅದು ಬೇರೆಯೇ.

ಕೊನೆಗೆ ನಿಂತದ್ದು ಸಿಸ್ಟರ್, ನಾಲ್ಕು ಆಶಾ ಕಾರ್ಯಕರ್ತೆಯರು ಮತ್ತು ಜೀಪಿನ ಡ್ರೈವರ್ ಸೇರಿ ಮೇಜಿನ ಮೇಲೆ ಅವರೆಕಾಳು ಇಟ್ಟುಕೊಂಡು ಮಾಡಿದ ಚಿತ್ರ. ತೋಟವಾರು ಬೇಡ, ದಾರಿವಾರು ಮಾಡಿ ಎಂದದ್ದು ಡ್ರೈವರ್. ‘ನಾನು ಹೋಗೋದು ದಾರೀಲಿ, ತೋಟದಲ್ಲಲ್ಲ.’ ಹಾಗಾಗಿ ಸಾಲು ಎಂದರೆ ಒಂದು ಜೀಪು ಒಂದು ದಿನದಲ್ಲಿ ಮುಗಿಸಬಹುದಾದ ದಾರಿ. ಕಂಬ ಎಂದರೆ ವಾರ. ಒಂದು ಮಗುವಿಗೆ ಒಂದು ಸೊನ್ನೆ, ಹೆಸರಿಲ್ಲ. ಲಸಿಕೆ ಸರಿಯಾಗಿ ನಡೆದಿದ್ದರೆ ತುಂಬಿದ ಸೊನ್ನೆ, ಬೇರೆಡೆಯ ಕಾರ್ಡಿನೊಂದಿಗೆ ಬಂದಿದ್ದರೆ ಅರ್ಧ ತುಂಬಿದ್ದು, ಬಾಕಿಯಿದ್ದರೆ ಖಾಲಿ, ಊರು ಬಿಟ್ಟಿದ್ದರೆ ಅಡ್ಡಗೆರೆ. ಜೆರಾಕ್ಸಿನಲ್ಲೂ ಎಲ್ಲ ಬೇರೆಬೇರೆ ಕಾಣುತ್ತವೆ. ಕೆಳಗೆ ತೋಟದ ಪಂಚಾಂಗ: ಅರೇಬಿಕಾ, ಪುತ್ತರಿ ರಜೆ, ರೊಬಸ್ಟಾ, ಮೆಣಸು. ಒಂದು ದಾರಿಯಲ್ಲಿ ಐದು ಖಾಲಿ ಸೊನ್ನೆ ಸೇರಿದರೆ ಮುಂದಿನ ವಾರ ಜೀಪು ಅಲ್ಲಿಗೆ. ಅದು ಸಿಸ್ಟರ್ ಕೇಳಿದ ಗೆರೆ. ಐದೇ ಯಾಕೆ ಎಂಬುದಕ್ಕೆ ವಿಜ್ಞಾನವೇನೂ ಇಲ್ಲ. ಮೂರು ಎಂದರೆ ಜೀಪು ಸಾಲದು, ಎಂಟು ಎಂದರೆ ಸಿಸ್ಟರ್ ಒಪ್ಪಲಿಲ್ಲ.

ನಾವೇ ಕಂಡುಹಿಡಿದೆವು ಎಂದು ಬೀಗಿದ್ದೆವು. ಆಮೇಲೆ ತಿಳಿಯಿತು, ಮಗುವಿಗೊಂದು ಸಾಲು ಹಾಕಿ ಮನೆಯ ಆಕಾರದಲ್ಲಿ ತುಂಬುತ್ತ ಹೋಗುವ ಇಂಥದೇ ಗೋಡೆಚಿತ್ರ ಪೂರ್ವ ತಿಮೋರಿನಲ್ಲೂ ನಮ್ಮ ದೇಶದ ಕೆಲವು ಹಳ್ಳಿಗಳಲ್ಲೂ ಮೊದಲೇ ಬಳಕೆಗೆ ಬಂದಿತ್ತು.

ಏನಾಯಿತು

ಸೊನ್ನೆಗಳನ್ನು ಪಂಚಾಂಗದ ಮೇಲಿಟ್ಟು ನೋಡಿದ ಮೊದಲ ಸಭೆಯಲ್ಲೇ ಒಂದು ವಿಷಯ ಎದ್ದು ಕಂಡಿತು. ಖಾಲಿ ಸೊನ್ನೆಗಳು ರೊಬಸ್ಟಾ ವಾರಗಳಲ್ಲಿ ಗುಂಪಾಗಿದ್ದವು. ಕುಯ್ಲಿಗೆ ಕೂಲಿ ಕಿಲೋ ಲೆಕ್ಕ. ಬೆಳಗಿನ ಹೊತ್ತು ಮಗುವನ್ನೆತ್ತಿಕೊಂಡು ಉಪಕೇಂದ್ರಕ್ಕೆ ಹೋದರೆ ಅರ್ಧ ದಿನದ ಹಣ್ಣು ಹೋಯಿತು. ‘ಅರಿವಿನ ಕೊರತೆ’ ಎಂದು ವರದಿಯಲ್ಲಿ ಬರೆಯುತ್ತಿದ್ದೆವಲ್ಲ, ಆ ತಾಯಂದಿರಿಗೆ ಎಲ್ಲ ಅರಿವೂ ಇತ್ತು. ಆಶಾ ಒಬ್ಬರು ಸಂಜೆ ತೂಕದ ಹೊತ್ತಿಗೆ ಹೋಗೋಣ ಎಂದರು. ದಿನದ ಹಣ್ಣು ತೂಗುವ ಜಾಗಕ್ಕೆ ಎಲ್ಲರೂ ಬಂದೇ ಬರಬೇಕು, ಸರದಿಗೆ ಕಾಯಬೇಕು. ಆರೋಗ್ಯಾಧಿಕಾರಿಗಳು ಹಿಂಜರಿದರು. ಹೊತ್ತು ಮೀರಿದ ಕೆಲಸ, ಕತ್ತಲಾದರೆ ಆನೆ ಕಾಟ. ಜೊತೆಗೆ ದಡಾರ ಲಸಿಕೆಯನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಒಂದೇ ಮಗುವಿದ್ದರೂ ಹಲವು ಡೋಸಿನ ಬಾಟಲಿ ತೆರೆಯಬೇಕು ಎಂಬುದು ನಿಯಮ. ಆದರೆ ಉಳಿದದ್ದನ್ನು ಚೆಲ್ಲಿದ ಲೆಕ್ಕ ಬರೆಯುವ ಕೈ ಹಿಂಜರಿಯುತ್ತದೆ. ಸೊನ್ನೆಗಳು ನೆರವಾದದ್ದು ಇಲ್ಲಿ. ಈ ದಾರಿಯಲ್ಲಿ ಇಂತಿಷ್ಟು ಮಕ್ಕಳು ಖಂಡಿತ ಇದ್ದಾರೆ ಎಂದು ಕಂಡಾಗ ಅವರು ‘ಸರಿ, ಒಂದು ದಾರಿ ಮಾಡಿ ನೋಡೋಣ’ ಎಂದರು. ಫೋನು ಹೋದದ್ದು ಗೋಡೆಯ ಬಗ್ಗೆ ಸಿಟ್ಟಾಗಿದ್ದ ಅದೇ ಬೆಳೆಗಾರರಿಗೆ. ಅವರು ತೂಕದ ಶೆಡ್ಡಿನಲ್ಲಿ ಲೈಟು, ಮೇಜು ಹಾಕಿಸಿಕೊಟ್ಟರು. ಮಾರ್ಚ್ ಕೊನೆಯ ಹೊತ್ತಿಗೆ ಆ ದಾರಿಯಲ್ಲಿ ಖಾಲಿ ಸೊನ್ನೆ ಎರಡೇ ಉಳಿದಿದ್ದವು.

ಇಷ್ಟಕ್ಕೆ ಮುಗಿಸಿದರೆ ಚಂದವಾಗಿರುತ್ತಿತ್ತು. ಲೈನ್‌ಮನೆಯ ಮಕ್ಕಳನ್ನು ಗುರಿಯಲ್ಲಿ ಸೇರಿಸಿದ್ದರಿಂದ ತೋಟದ ಉಪಕೇಂದ್ರದ ಶೇಕಡಾವಾರು ನೂರರ ಮೇಲಿನಿಂದ ಬಹಳ ಕೆಳಗೆ ಬಂತು. ಕೆಲಸ ಉತ್ತಮವಾದ ವರ್ಷವೇ ಅಂಕಿ ಕುಸಿಯಿತು. ಸಾಧನೆ ಇಳಿದದ್ದೇಕೆ ಎಂದು ಮೇಲಿನಿಂದ ಪತ್ರ ಬಂತು. ಹಳೆಯ ಗುರಿಗೆ ಮರಳಿದರೆ ಪತ್ರವೂ ಇಲ್ಲ, ತಲೆನೋವೂ ಇಲ್ಲ. ಆರೋಗ್ಯಾಧಿಕಾರಿಗಳು ಎರಡು ದಿನ ಆ ಕಡತವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದರು. ಆಮೇಲೆ ಎರಡೂ ಲೆಕ್ಕವನ್ನು ಅಕ್ಕಪಕ್ಕ ಬರೆದು, ದಡಾರದ ಪ್ರಕರಣವನ್ನು ಲಗತ್ತಿಸಿ ಕಳಿಸಿದರು. ಅದಕ್ಕೆ ಮರು ಪತ್ರ ಬರಲಿಲ್ಲ. ಬರದಿದ್ದದ್ದೇ ಒಪ್ಪಿಗೆ ಎಂದುಕೊಂಡೆವು. ಇಡೀ ಪ್ರಕರಣದಲ್ಲಿ ಧೈರ್ಯ ಬೇಕಿದ್ದ ನಿರ್ಧಾರ ಅದೊಂದೇ. ಅದರಲ್ಲಿ ನಮ್ಮ ಯಾವ ಚಿತ್ರದ ಪಾಲೂ ಇಲ್ಲ.

ಜೂನ್ ಬಂತು. ಮಳೆ ಹಿಡಿದ ಮೂರೇ ವಾರಕ್ಕೆ ಗೋಡೆಯ ಡ್ರಾಯಿಂಗ್ ಶೀಟಿಗೆ ಬೂಷ್ಟು ಹಿಡಿದು, ಸೊನ್ನೆಗಳು ಹರಡಿ, ತುಂಬಿದ್ದು ಖಾಲಿ ಒಂದೂ ಗೊತ್ತಾಗದಾಯಿತು. ಕರೆಂಟು ದಿನಗಟ್ಟಲೆ ಇಲ್ಲದ್ದರಿಂದ ಡ್ಯಾಷ್‌ಬೋರ್ಡಿನ ಮಾತಂತೂ ಬೇಡ. ಆಶಾ ಕಾರ್ಯಕರ್ತೆಯರು ಯಾವುದೋ ಜಾತ್ರೆಯ ಹಳೆಯ ಫ್ಲೆಕ್ಸ್ ತಂದು ಅದರ ಬಿಳಿ ಬೆನ್ನಿಗೆ ಮಾರ್ಕರಿನಲ್ಲಿ ಮತ್ತೆ ಬರೆದರು. ಈಗಲೂ ಅದೇ ಇದೆ. ಅಳಿಸಬೇಕಾದರೆ ಸ್ಯಾನಿಟೈಸರ್.

ಇದೇ ಕೆಲಸಕ್ಕೆ ಇಳಿಯುವವರಿಗೆ

ಬೇರೆಯವರು ಕೇಳಿದಾಗ ನಾನು ಮೊದಲು ಹೇಳುವುದು ಪ್ರಿಂಟರಿನ ವಿಷಯ. ನಗುತ್ತಾರೆ. ಆದರೆ ನಿರ್ಧಾರವಾಗುವ ಕೋಣೆಗೆ ನಿಮ್ಮ ಚಿತ್ರ ಯಾವ ರೂಪದಲ್ಲಿ ತಲುಪುತ್ತದೆ ಎಂದು ಕಣ್ಣಾರೆ ನೋಡದೆ ಬಣ್ಣ ಆರಿಸಬಾರದು. ಎರಡನೆಯದು ಆ ಋಣ ಸಂಖ್ಯೆ. ಅಸಂಬದ್ಧವಾಗಿ ಕಂಡ ಅಂಕಿಯನ್ನು ತಿದ್ದುವ ಮೊದಲು ಅದನ್ನು ಬರೆದವರಿಗೆ ಒಂದು ಫೋನು ಮಾಡಬೇಕಿತ್ತು. ಸಿಸ್ಟರ್ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ‘ನಿಮಗೆ ಯಾವ ಮಾಹಿತಿ ಬೇಕು?’ ಎಂದು ಕೇಳಿದಾಗ ಆರೋಗ್ಯಾಧಿಕಾರಿಗಳು ಕೊಟ್ಟಿದ್ದ ಪಟ್ಟಿ ಎರಡು ಪುಟ ಇತ್ತು. ‘ಏನು ನಿರ್ಧರಿಸಿದಿರಿ?’ ಎಂದು ಕೇಳಿದಾಗ ಬಂದದ್ದು ಮೂರು ಸಾಲು. ಎರಡು ಪುಟಕ್ಕೆ ನಾವು ಆರು ತಿಂಗಳು ಕಳೆದಿದ್ದೆವು.

ಗೋಡೆಯ ಪಟ್ಟಿಯ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ. ಬೆಳೆಗಾರರ ಸಿಟ್ಟನ್ನು ಊಹಿಸಬಹುದಿತ್ತು, ಅದು ಬೇರೆ. ಲೈನ್‌ಮನೆಯ ಭಯವನ್ನು ಊಹಿಸಲು ಆ ಮನೆಗಳಿಂದ ಒಬ್ಬರಾದರೂ ನಮ್ಮ ಮೇಜಿನ ಸುತ್ತ ಇರಬೇಕಿತ್ತು. ಅವರೆಕಾಳಿನ ದಿನವೂ ಇರಲಿಲ್ಲ. ಭಾಷೆ ಬರುವುದಿಲ್ಲ, ಕುಯ್ಲಿನ ಸಮಯ, ಕರೆದರೆ ಬರುತ್ತಾರೋ ಇಲ್ಲವೋ ಎಂದು ನಾವೇ ಕಾರಣ ಹುಡುಕಿಕೊಂಡೆವು.

ಮರುವರ್ಷ ಆರೋಗ್ಯಾಧಿಕಾರಿಗಳಿಗೂ ಸಿಸ್ಟರ್‌ಗೂ ಆರು ತಿಂಗಳ ಅಂತರದಲ್ಲಿ ವರ್ಗವಾಯಿತು. ಹೊಸದಾಗಿ ಬಂದ ಅಧಿಕಾರಿಗಳು ಫ್ಲೆಕ್ಸನ್ನು ಇರಗೊಟ್ಟರು, ಸಭೆಯಲ್ಲಿ ಅದರ ಮುಂದೆ ನಿಂತೇ ಮಾತಾಡುತ್ತಾರೆ. ಸೊನ್ನೆಗಳು ಮಾತ್ರ ಕಡಿಮೆಯಾದವು. ಖಾಲಿಯವಷ್ಟೇ ಅಲ್ಲ, ಎಲ್ಲವೂ. ಯಾವ ಮೇಸ್ತ್ರಿ ಯಾವ ಲೈನಿಗೆ ಎಷ್ಟು ಕುಟುಂಬ ತಂದ ಎಂಬುದು ಆ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಅದು ಸಿಸ್ಟರ್ ಸ್ವಂತ ದುಡ್ಡಿನಲ್ಲಿ ಕೊಂಡದ್ದು, ಹೋಗುವಾಗ ಬ್ಯಾಗಿಗೆ ಹಾಕಿಕೊಂಡರು. ನಮ್ಮಲ್ಲಿ ಯಾರಿಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಈ ನವೆಂಬರ್‌ಗೆ ಮೊದಲು ನಾಲ್ವರು ಆಶಾ ಕಾರ್ಯಕರ್ತೆಯರು ಲೈನ್ ಲೈನ್ ತಿರುಗಿ ಹೊಸದೊಂದನ್ನು ಬರೆಯಲು ಕೂತಿದ್ದಾರೆ. ಈ ಸಲ ಅದನ್ನು ಉಪಕೇಂದ್ರದ ದಾಸ್ತಾನು ರಿಜಿಸ್ಟರಿಗೆ ಹತ್ತಿಸಿದ್ದಾರೆ.